ಮೂರು ವೇಗದ ರೆಕಾರ್ಡ್ ಪ್ಲೇಯರ್: ಹಳೆ ಹಾಡು ಪ್ರೀತಿಸುವವರಿಗೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಹಾಡುಗಳೆಂದರೆ ನನಗೆ ಪ್ರಾಣ. ಅಪ್ಪ ಜೋಪಾನ ಮಾಡಿದ್ದ ರೆಕಾರ್ಡುಗಳಲ್ಲಿ ಮೂರೂ ಬಗೆಯವು ಇವೆ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳು, 1948ರಲ್ಲಿ ಬಂದ, ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ (ಲಾಂಗ್ ಪ್ಲೇ), 1949ರಲ್ಲಿ ಬಂದ, 45 ಸುತ್ತಿನ ಪುಟ್ಟ ‘45’. ಎಲ್ಲವನ್ನೂ ಒಂದರಲ್ಲೇ ಕೇಳಬೇಕು ಅಂತಲೇ ಈ ಪ್ಲೇಯರ್ ಕೊಂಡೆ.

ಮೊದಲು ಹಾಕಿದ್ದು ಅಮೆರಿಕದ ಗಾಯಕಿ ಪ್ಯಾಟಿ ಪೇಜ್ ಅವರ ಹಾಡು. ಇಬ್ಬರು ಅಕ್ಕತಂಗಿಯರು ಹಾಡುತ್ತಿದ್ದಾರೆ ಅಂತ ಚಿಕ್ಕವಳಿದ್ದಾಗ ನಂಬಿದ್ದೆ. ಎರಡೂ ಅವರದೇ ದನಿ! ಒಂದರ ಮೇಲೊಂದು ಮುದ್ರಿಸಿದ್ದು ಅಂತ ಅಪ್ಪ ಆಗ ಹೇಳಿದ್ದರು. ಈ ಪ್ಲೇಯರಿನಲ್ಲಿ ಎರಡು ದನಿಯೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಕೇಳುತ್ತವೆ. ಅಮೆರಿಕದವರೇ ಆದ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರ ಮೆತ್ತನೆಯ ದನಿಯಂತೂ ಕೋಣೆ ತುಂಬಿತು. ಅಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದುದು ನೆನಪಾಯಿತು.

ಒಂದು ಕೊರತೆ ಹೇಳಲೇಬೇಕು. ಜೊತೆಗೆ ಕೊಡುವುದು ಒಂದೇ ಮುಳ್ಳು, ಅದು ಎಲ್‌ಪಿ ಮತ್ತು 45ಕ್ಕೆ ಸರಿ. 78ರ ಗೀರು ಜಾಸ್ತಿ ಅಗಲ, ಅಲ್ವಾ? ಅದಕ್ಕೆ ದಪ್ಪ ಮುಳ್ಳನ್ನು ಬೇರೆಯಾಗಿ ಕೊಳ್ಳಬೇಕು. ಸುಮ್ನೆ ಇದರಲ್ಲೇ ಹಾಕಿದರೆ ಬರೀ ಕರಕರ ಸದ್ದು. ಮೂರು ವೇಗ ಅಂತ ಹೇಳಿ ಮಾರುವವರು ಎರಡು ಮುಳ್ಳು ಕೊಡಲೇಬೇಕಿತ್ತು.

ಒಳಗಿನ ಸ್ಪೀಕರ್ ಸಾಧಾರಣ. ಹೊರಗಿನದು ಜೋಡಿಸಿ. 45ರ ದೊಡ್ಡ ತೂತಿಗೆ ಬೇಕಾದ ಬಿಲ್ಲೆ ಪೆಟ್ಟಿಗೆಯಲ್ಲೇ ಇದೆ. ನಿಮ್ಮ ಹತ್ತಿರ 78 ಇಲ್ಲದಿದ್ದರೆ ಕಣ್ಣು ಮುಚ್ಚಿ ಕೊಳ್ಳಿ.