ಕೋಹಾ ಜೊತೆ 9 ವರ್ಷ: ಸಾಫ್ಟ್‌ವೇರ್ ಬಗ್ಗೆ ಖುಷಿ, ಸಹಿ ಹಾಕಿದ ಕರಾರಿನ ಬಗ್ಗೆ ಬೇಸರ

ನಾನು ತಾಲ್ಲೂಕು ಕೇಂದ್ರದ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ನಮ್ಮಲ್ಲಿರುವುದು 18 ಸಾವಿರ ಪುಸ್ತಕ, ಅರ್ಧಕ್ಕಿಂತ ಜಾಸ್ತಿ ಕನ್ನಡದವು. ಅವುಗಳ ಪಟ್ಟಿ, ಯಾರು ಯಾವುದನ್ನು ಒಯ್ದರು ಅನ್ನೋ ಲೆಕ್ಕ ಎಲ್ಲ ಇರೋದು ಕೋಹಾ ಅನ್ನುವ ಗ್ರಂಥಾಲಯ ಸಾಫ್ಟ್‌ವೇರ್‌ನಲ್ಲಿ. ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

ನನಗೆ ತುಂಬಾ ಇಷ್ಟ ಅಂದರೆ ಬೆಳಗಿನ ಹೊತ್ತು. ಬೀಗ ತೆಗೆದು, ಟೇಬಲ್ ಒರೆಸಿ, ಹಿಂದಿನ ಸಂಜೆ ಮಕ್ಕಳು ಡಬ್ಬದಲ್ಲಿ ಹಾಕಿಹೋದ ಪುಸ್ತಕಗಳನ್ನು ತೆಗೆದು ಜೋಡಿಸುತ್ತೇವೆ. ಅಟೆಂಡರ್ ಒಂದೊಂದೇ ರಟ್ಟು ತಿರುಗಿಸಿ ಕೊಡುತ್ತಾರೆ, ನಾನು ಬಾರ್‌ಕೋಡ್ ಮೇಲೆ ಸ್ಕ್ಯಾನರ್ ಹಿಡಿಯುತ್ತೇನೆ. ಯಾರಾದರೂ ಬೇಕು ಅಂತ ಕಾಯ್ದಿರಿಸಿದ ಪುಸ್ತಕ ಬಂದರೆ ಪರದೆ ಮೇಲೆ ಆ ಹುಡುಗಿಯ ಹೆಸರು ಬರುತ್ತದೆ. ಚೀಟಿ ಬರೆದು ಪುಸ್ತಕದೊಳಗೆ ಇಟ್ಟು ಬೇರೆ ಕಪಾಟಿಗೆ. ಮೊದಲು ಇದಕ್ಕೆ ಮೂರು ರಿಜಿಸ್ಟರ್ ತಿರುವಬೇಕಿತ್ತು.

ಈಗ ಬೇಸರದ ಮಾತು. ಮೊದಲ 6 ವರ್ಷ ಒಂದು ಸಂಸ್ಥೆಯ ಸರ್ವರ್‌ನಲ್ಲಿ ನಮ್ಮ ಕೋಹಾ ಇತ್ತು. ಹೆಸರು ಬೇಡ. ವರ್ಷಕ್ಕೆ 45 ಸಾವಿರ, ನಮ್ಮಂಥ ಕಾಲೇಜಿಗೆ ಅದು ದೊಡ್ಡ ಮೊತ್ತ. ಶುರುವಿನಲ್ಲಿ ‘ಕೃಷಿ’ ಅಂತ ಹುಡುಕಿದರೆ ಒಂದೂ ಪುಸ್ತಕ ಬರುತ್ತಿರಲಿಲ್ಲ. ಎದುರಿನ ಕಪಾಟಿನಲ್ಲೇ ಎರಡು ಸಾಲು ಕೃಷಿ ಪುಸ್ತಕ! ಅವರು ಸರಿ ಮಾಡಿಕೊಟ್ಟರು, ಅದಕ್ಕೆ ಬೇರೆ 12 ಸಾವಿರ ಬಿಲ್ ಹಾಕಿದರು. ಕೊಟ್ಟೆವು. ಕೆಲಸ ಮಾಡಿದವರಿಗೆ ದುಡ್ಡು ಕೊಡಬೇಕು, ಅದರಲ್ಲಿ ನನಗೆ ತಕರಾರಿಲ್ಲ.

ಪಕ್ಕದ ತಾಲ್ಲೂಕಿನ ಕಾಲೇಜಿನ ಗ್ರಂಥಪಾಲಕಿಗೂ ಇದೇ ತೊಂದರೆ. ‘ನಿಮ್ಮಲ್ಲಿ ಹೇಗೆ ಸರಿ ಹೋಯಿತು ಮೇಡಂ?’ ಅಂತ ಫೋನ್ ಮಾಡಿದರು. ನಾನು ಸಂಸ್ಥೆಯವರನ್ನು ಕೇಳಿದೆ. ಅದು ವ್ಯಾಪಾರದ ಗುಟ್ಟು, ಕರಾರು ಓದಿ ನೋಡಿ ಅಂದರು. ಫೈಲ್ ತೆಗೆಸಿ ಓದಿದೆ. ದರ, ಅವರು ಮಾಡಿದ ಬದಲಾವಣೆ, ಯಾವುದನ್ನೂ ಹೊರಗೆ ಹೇಳುವಂತಿಲ್ಲ. ಕೆಳಗೆ ನಮ್ಮ ಪ್ರಿನ್ಸಿಪಾಲರ ಸಹಿ, ಪಕ್ಕದಲ್ಲಿ ನನ್ನದು. ಆ ಮೇಡಂಗೆ ‘ಹೇಳೋಕಾಗಲ್ಲ’ ಅನ್ನುವಾಗ ನಿಜಕ್ಕೂ ನಾಚಿಕೆಯಾಯಿತು.

ಯಾಕೆ ಇಷ್ಟು ನೋವು ಅಂದರೆ, ಕೋಹಾ ಅನ್ನೋದು ನ್ಯೂಜಿಲೆಂಡ್‌ನ ಮಾವೊರಿ ಮಾತು. ಅರ್ಥ ಉಡುಗೊರೆ, ಅದೂ ಮುಂದೊಂದು ದಿನ ತಿರುಗಿ ಕೊಡಬೇಕಾದದ್ದು. ನಮ್ಮ ಮದುವೆ ಮನೆಯ ಮುಯ್ಯಿ ಇದ್ದ ಹಾಗೆ. ಅಲ್ಲಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ನ ಹಳೇ ಕಂಪ್ಯೂಟರ್ ವ್ಯವಸ್ಥೆ 2000ನೇ ಇಸವಿ ಬಂದ ಮೇಲೆ ಕೆಲಸ ಮಾಡುವ ಹಾಗಿರಲಿಲ್ಲ. ಅವರು ಕಟಿಪೊ ಅನ್ನುವ ಕಂಪನಿಯಿಂದ ಹೊಸದು ಬರೆಸಿ, ಎಲ್ಲರಿಗೂ ಬಿಟ್ಟುಕೊಟ್ಟರು. ಆ ಉಡುಗೊರೆಗೂ ಬೇಲಿ ಹಾಕುವ ಪ್ರಯತ್ನ ಆಗಿದೆ. 2009ರಲ್ಲಿ ಅಮೆರಿಕದ ಲಿಬ್‌ಲೈಮ್ ಕಂಪನಿ ತನ್ನದೇ ಬೇರೆ ಕೋಹಾ ಮಾಡಿಕೊಂಡಿತು. ಮರುವರ್ಷ ಲಿಬ್‌ಲೈಮನ್ನೇ ಪಿಟಿಎಫ್‌ಎಸ್ ಅನ್ನುವ ಇನ್ನೊಂದು ಕಂಪನಿ ಕೊಂಡುಕೊಂಡಿತು. 2011ರಲ್ಲಿ ‘ಕೋಹಾ’ ಹೆಸರಿನ ಟ್ರೇಡ್‌ಮಾರ್ಕ್ ನ್ಯೂಜಿಲೆಂಡ್‌ನಲ್ಲೇ ಪಿಟಿಎಫ್‌ಎಸ್ ಪಾಲಾಗುವ ಹಂತಕ್ಕೆ ಬಂದಾಗ, ಅದನ್ನು ತಡೆಯೋಕೆ ಆ ಪುಟ್ಟ ಲೈಬ್ರರಿ ಟ್ರಸ್ಟ್ ಲೋಕದ ಮುಂದೆ ನೆರವು ಕೇಳಬೇಕಾಯಿತು.

ಕಾನೂನು ಪ್ರಕಾರ ನಮ್ಮ ಸಂಸ್ಥೆಯವರದು ತಪ್ಪಿರಲಿಕ್ಕಿಲ್ಲ. ಕೋಹಾ ಇರೋದು ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್‌ನಲ್ಲಿ. ಅದರ ಪ್ರಕಾರ ಸಾಫ್ಟ್‌ವೇರ್‌ನ ಪ್ರತಿ ಕೊಟ್ಟವರು ಅದನ್ನು ಬರೆದ ಕೋಡ್ ಕೂಡ ಕೊಡಬೇಕು. ತಮ್ಮದೇ ಸರ್ವರ್‌ನಲ್ಲಿ ಓಡಿಸಿ ನಮಗೆ ಬ್ರೌಸರ್‌ನಲ್ಲಿ ತೋರಿಸಿದರೆ ಪ್ರತಿ ಕೊಟ್ಟ ಹಾಗಾಗುವುದಿಲ್ಲ. ಆದರೆ ಫ್ರಾನ್ಸ್‌ನ ಬಿಬ್‌ಲಿಬ್ರೆ, ಅಮೆರಿಕದ ಬೈವಾಟರ್ ಇವರೂ ಕೋಹಾ ಸೇವೆ ಮಾರಿಯೇ ಬದುಕುವವರು. ತಾವು ಬರೆದ ಕೋಡನ್ನು ಎಲ್ಲರ ಕೋಹಾಕ್ಕೂ ಸೇರಿಸುತ್ತಾರೆ. ಹಾಗೂ ವ್ಯಾಪಾರ ನಡೆಯುತ್ತದೆ ಅಲ್ವಾ?

ಕೊನೆಗೆ ಕರಾರು ಮುಗಿಸಿದೆವು. ನಮ್ಮದೇ ಪುಸ್ತಕಗಳ ಪಟ್ಟಿ ಕೈಗೆ ಬರೋಕೆ 2 ತಿಂಗಳು ಹಿಡಿಯಿತು. ಈಗ ಕಾಲೇಜಿನದೇ ಒಂದು ಕಂಪ್ಯೂಟರ್‌ನಲ್ಲಿ ಕೋಹಾ ಇದೆ. ಕರೆಂಟ್ ಹೋದರೆ ಯುಪಿಎಸ್ ನೋಡಿಕೊಳ್ಳಬೇಕು. ಹೊಸ ಆವೃತ್ತಿ ಹಾಕುವಾಗ ಒಮ್ಮೆ ಎರಡು ದಿನ ಎಲ್ಲ ನಿಂತಿತ್ತು. ಶನಿವಾರ ಸಂಜೆ ಬ್ಯಾಕಪ್ ಫೈಲನ್ನು ಹಾರ್ಡ್‌ಡಿಸ್ಕ್‌ಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಆಗ ಆಗುವ ನೆಮ್ಮದಿಯೇ ಬೇರೆ.

ಹೊಸದಾಗಿ ಹಾಕಿದಾಗ ‘ಕೃಷಿ’ ಮತ್ತೆ ಮಾಯ. ಬಿಸಿಎ ಹುಡುಗನೊಬ್ಬ ಅರ್ಧ ದಿನದಲ್ಲಿ ಕಾರಣ ಹುಡುಕಿದ. ಕೋಹಾದಲ್ಲಿ ಹುಡುಕಾಟ ನಡೆಸುವ ಜೆಬ್ರಾ ಅನ್ನುವ ಭಾಗದಲ್ಲಿ ಅಕ್ಷರ ಗುರುತಿಸುವ ವಿಧಾನವನ್ನು ಐಸಿಯುಗೆ (ಬೇರೆ ಬೇರೆ ಭಾಷೆಗಳ ಲಿಪಿ ಗುರುತಿಸುವ ವಿಧಾನ) ಬದಲಿಸಿ, ಎಲ್ಲ ಪುಸ್ತಕಗಳ ಹುಡುಕುವ ಸೂಚಿಯನ್ನು (ಇಂಡೆಕ್ಸ್) ಮತ್ತೆ ಮಾಡಬೇಕು, ಅಷ್ಟೇ. ಇಂಗ್ಲಿಷ್ ಅಲ್ಲದ ಲಿಪಿಗಳಿಗೆ ಹೀಗೆ ಮಾಡಿ ಅಂತ ಕೋಹಾದವರೇ ಎಲ್ಲರಿಗೂ ಕಾಣುವಂತೆ ಬರೆದಿಟ್ಟಿದ್ದಾರೆ.

ಅವತ್ತೇ ಪಕ್ಕದ ತಾಲ್ಲೂಕಿನ ಮೇಡಂಗೆ ಫೋನ್ ಮಾಡಿ, ಒಂದೊಂದೇ ಸಾಲು ಓದಿ ಬರೆಸಿದೆ. ಮುಂದಿನ ವಾರ ಅವರು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸುವ ಪುಸ್ತಕಗಳ ಲೆಕ್ಕವನ್ನು ಕೋಹಾದಿಂದ ತೆಗೆಯುವ ವರದಿಯ ಕೋಡ್ ಒಂದನ್ನು ಕಳಿಸಿದರು. ಅದರಲ್ಲಿ ಕಳೆದುಹೋದ ಪುಸ್ತಕಗಳೂ ಎಣಿಕೆಗೆ ಬರುತ್ತಿದ್ದವು. ಒಂದು ಸಾಲು ತಿದ್ದಿ ವಾಪಸ್ ಕಳಿಸಿದ್ದೇನೆ.