ಎನ್‌ಆರ್‌ಐ, ಒಸಿಐಗಳೇ, ಕೊಡಗಿನ ‘ಮನೆ ಸಹಿತ ತೋಟ’ಕ್ಕೆ ಮುಂಗಡ ಕೊಡುವ ಮೊದಲು ಇದನ್ನು ಓದಿ

ಕೊಡಗಿನ ಸಿದ್ದಾಪುರದ ಕಡೆಯ ಒಂದು ವ್ಯವಹಾರ ಮುರಿದುಬಿದ್ದು, ಕೊಳ್ಳಲು ಹೊರಟವರು ಕೊಟ್ಟ 25 ಲಕ್ಷ ಮುಂಗಡದಲ್ಲಿ 10 ಲಕ್ಷ ಕೈಬಿಟ್ಟುಹೋಯಿತು. ಜಾಗಕ್ಕೆ ತಕರಾರಿರಲಿಲ್ಲ. ಮಾರುವವರು ಮೋಸಗಾರರಲ್ಲ. ಕೊಳ್ಳುವವರ ಸಂಬಳದ ಬಗ್ಗೆ ಬ್ಯಾಂಕಿನವರೂ ಚಕಾರ ಎತ್ತಲಿಲ್ಲ. ಕೆಟ್ಟದ್ದು ಒಂದೇ ಕಾರಣಕ್ಕೆ: ಕೊಳ್ಳುವವರ ಪಾಸ್‌ಪೋರ್ಟಿಗೂ ಆ ಜಾಗದ ಪಹಣಿಗೂ ಹೊಂದಾಣಿಕೆ ಇರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಮೂಲತಃ ಕೊಡಗಿನವರೇ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಮಾಡಿಸಿಕೊಂಡವರು. ಎರಡು ಎಕರೆ ಕಾಫಿ ತೋಟ, ಒಳಗೊಂದು ಹಂಚಿನ ಮನೆ, ಒಟ್ಟು 1.40 ಕೋಟಿ ಎಂದು ಮಾತಾಯಿತು. ಬ್ಯಾಂಕಿನಿಂದ ಗೃಹಸಾಲದ ಮಂಜೂರಾತಿ ಪತ್ರವೂ ಬಂತು. ಅದರ ಕೆಳಗಡೆ ‘ಕಾನೂನು ಮತ್ತು ತಾಂತ್ರಿಕ ಪರಿಶೀಲನೆಗೆ ಒಳಪಟ್ಟು’ ಎಂಬ ಸಾಲಿತ್ತು. ಅಂಥ ಪತ್ರದ ಅರ್ಥ ‘ನಿಮ್ಮ ಆದಾಯಕ್ಕೆ ಇಷ್ಟು ಸಾಲ ಕೊಡಬಹುದು’ ಎಂದಷ್ಟೇ, ‘ಈ ಜಾಗಕ್ಕೆ ಕೊಡುತ್ತೇವೆ’ ಎಂದಲ್ಲ. ಅದನ್ನೇ ನಂಬಿ ಕರಾರು ಪತ್ರಕ್ಕೆ ಸಹಿ ಹಾಕಿ ಮುಂಗಡ ಕೊಟ್ಟರು. ಆಮೇಲೆ ಬ್ಯಾಂಕಿನ ವಕೀಲರು ದಾಖಲೆ ಬಿಡಿಸಿ ನೋಡಿದರೆ ಪಹಣಿಯ ತುಂಬ ಕಾಫಿ. ಭೂಪರಿವರ್ತನೆ (ಕೃಷಿಯೇತರ ಬಳಕೆಗೆ ಅನುಮತಿ) ಆದದ್ದು ಮನೆ ಇರುವ 20 ಸೆಂಟ್‌ಗೆ ಮಾತ್ರ. ಸಾಲ ಅಲ್ಲಿಗೇ ನಿಂತಿತು.

ಸಾಲ ನಿಂತದ್ದು ಸಣ್ಣ ವಿಷಯ. ಕೈಯಿಂದಲೇ ಪೂರ್ತಿ ಹಣ ಹಾಕಿ ಕೊಂಡಿದ್ದರೂ ಅದು ಕಾನೂನುಬಾಹಿರವೇ ಆಗುತ್ತಿತ್ತು. ಫೆಮಾ ಕಾಯಿದೆಯಡಿ (ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ) 2019ರಲ್ಲಿ ಬಂದ ನಿಯಮಗಳ ಪ್ರಕಾರ ಎನ್‌ಆರ್‌ಐ (ವಿದೇಶದಲ್ಲಿ ವಾಸವಿರುವ ಭಾರತೀಯ ಪೌರರು) ಮತ್ತು ಒಸಿಐಗಳು ಭಾರತದಲ್ಲಿ ಮನೆ, ಫ್ಲ್ಯಾಟ್, ಸೈಟು, ಅಂಗಡಿ ಮಳಿಗೆ ಎಷ್ಟು ಬೇಕಾದರೂ ಕೊಳ್ಳಬಹುದು. ಕೃಷಿ ಭೂಮಿ, ಪ್ಲಾಂಟೇಶನ್ (ಕಾಫಿಯಂಥ ತೋಟ), ಫಾರ್ಮ್‌ಹೌಸ್ ಈ ಮೂರನ್ನು ಮಾತ್ರ ಕೊಳ್ಳುವಂತಿಲ್ಲ. ಬೇರೆ ಜಿಲ್ಲೆಯಲ್ಲಾದರೆ ಇದು ಅಷ್ಟಾಗಿ ತಟ್ಟದು. ಕೊಡಗಿನಲ್ಲಿ ಮಾರಾಟಕ್ಕೆ ಬರುವ ಮನೆಗಳಲ್ಲಿ ಬಹಳಷ್ಟು ತೋಟದ ಒಳಗೇ ಇರುವುದರಿಂದ ಇಲ್ಲಿ ಅದೇ ಮುಖ್ಯ ಪ್ರಶ್ನೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಬೈಯಲ್ಲಿ ಕೆಲಸ ಮಾಡುವವರಿಗೂ ಇದೇ ನಿಯಮ. ‘ನಾನಿನ್ನೂ ಭಾರತೀಯನೇ ಅಲ್ಲವಾ’ ಎಂಬ ವಾದ ಇಲ್ಲಿ ನಡೆಯದು. ಫೆಮಾ ನೋಡುವುದು ವಾಸ ಎಲ್ಲಿ ಎಂಬುದನ್ನು. ಕೆಲಸಕ್ಕೆಂದು ದೇಶ ಬಿಟ್ಟ ದಿನವೇ ನೀವು ಅನಿವಾಸಿ.

ಬ್ರೋಕರ್‌ಗಳ ಬಾಯಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ. ಮೊದಲನೆಯದು, ‘2020ರಲ್ಲಿ ಕಾನೂನು ಬದಲಾಗಿದೆ, ಈಗ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು.’ ಬದಲಾದದ್ದು ಕರ್ನಾಟಕ ಭೂಸುಧಾರಣೆ ಕಾಯಿದೆ. ಅದರ 79ಎ, 79ಬಿ ಕಲಂಗಳು ಹೋಗಿ ಕೃಷಿಕರಲ್ಲದವರಿಗೂ ದಾರಿಯಾದದ್ದು ನಿಜ. ಆದರೆ ಫೆಮಾ ಕೇಂದ್ರದ ಕಾಯಿದೆ, ರಾಜ್ಯದ ತಿದ್ದುಪಡಿಯಿಂದ ಅದರ ನಿರ್ಬಂಧ ಒಂದಿಷ್ಟೂ ಸಡಿಲವಾಗಿಲ್ಲ. ಎರಡನೆಯದು, ‘ಕಾಫಿ ತೋಟಕ್ಕೆ ಭೂಮಿತಿಯಿಂದಲೇ (ಒಬ್ಬರು ಇಟ್ಟುಕೊಳ್ಳಬಹುದಾದ ಜಮೀನಿನ ಗರಿಷ್ಠ ಮಿತಿ) ವಿನಾಯಿತಿ ಇದೆ, ಅದು ಕೃಷಿ ಭೂಮಿಯ ಲೆಕ್ಕಕ್ಕೆ ಬಾರದು.’ ವಿನಾಯಿತಿ ಇದ್ದರೂ ಇಲ್ಲಿ ಉಪಯೋಗವಿಲ್ಲ. ಫೆಮಾ ನಿಯಮದಲ್ಲಿ ಪ್ಲಾಂಟೇಶನ್ ಎಂದೇ ಹೆಸರು ಹಿಡಿದು ಬರೆದಿದೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಮೇಲಿನ ವ್ಯವಹಾರದಲ್ಲೂ ಅದನ್ನೇ ಸೂಚಿಸಿದರು: ‘ಮನೆ ನಿಮ್ಮ ಹೆಸರಿಗಿರಲಿ, ತೋಟ ಊರಲ್ಲಿರುವ ತಮ್ಮನ ಹೆಸರಿಗೆ ಮಾಡಿಸಿ, ದುಡ್ಡು ನೀವೇ ಹಾಕಿ.’ ಇದಕ್ಕೆ ಬೇನಾಮಿ ಎನ್ನುತ್ತಾರೆ. ಬೇನಾಮಿ ಕಾಯಿದೆಯ 2016ರ ತಿದ್ದುಪಡಿಯ ನಂತರ ಶಿಕ್ಷೆ 1ರಿಂದ 7 ವರ್ಷದವರೆಗೆ ಜೈಲು, ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ, ಆಸ್ತಿ ಜಪ್ತಿ. ಒಡಹುಟ್ಟಿದವರ ಹೆಸರಿನಲ್ಲಿ ಕೊಳ್ಳಲು ಬೇನಾಮಿ ಕಾಯಿದೆಯಲ್ಲಿ ವಿನಾಯಿತಿ ಇದೆ, ಆದರೆ ಹಣ ಹಾಕಿದವರ ಹೆಸರೂ ಜಂಟಿ ಮಾಲೀಕರಾಗಿ ಪತ್ರದಲ್ಲಿರಬೇಕು. ತೋಟಕ್ಕೆ ನಿಮ್ಮ ಹೆಸರು ಹಾಕುವಂತೆಯೇ ಇಲ್ಲದ ಮೇಲೆ ಆ ವಿನಾಯಿತಿ ಸಿಗುವುದೆಲ್ಲಿಂದ? ತಮ್ಮನಿಗೆ ನಿಜವಾಗಿ ಹಣ ದಾನ ಮಾಡಿ ಅವನು ತನಗಾಗಿ ಕೊಂಡರೆ ಅದು ಬೇರೆ ಮಾತು. ಆಗ ತೋಟ ತಮ್ಮನದೇ, ಮುಂದೆ ಕೇಳಲು ಹೋಗಬಾರದು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಯಿತು ಎಂಬ ಕಾರಣಕ್ಕೆ ಫೆಮಾ ತಪ್ಪು ಸರಿಯಾಗುವುದಿಲ್ಲ. ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು.

ಹಾಗಾದರೆ ಆ 20 ಸೆಂಟ್ ಮತ್ತು ಮನೆಯನ್ನಷ್ಟೇ ಕೊಳ್ಳಬಹುದಿತ್ತಲ್ಲ? ಖಂಡಿತ. ಭೂಪರಿವರ್ತನೆ ಆದೇಶ, ಗ್ರಾಮ ಪಂಚಾಯಿತಿಯ ಇ-ಸ್ವತ್ತು (ಆನ್‌ಲೈನ್ ಆಸ್ತಿ ದಾಖಲೆ), ಆ ಭಾಗಕ್ಕೆ 11ಇ ನಕ್ಷೆ (ಜಾಗ ಭಾಗ ಮಾಡಲು ಬೇಕಾದ ಸರ್ವೆ ನಕ್ಷೆ) ಇದ್ದರೆ ಬ್ಯಾಂಕ್ ಅಷ್ಟಕ್ಕೆ ಸಾಲ ಪರಿಗಣಿಸುತ್ತದೆ. ಆದರೆ ಮೂರು ಕಡೆ ಎಡವುತ್ತಾರೆ. ಮನೆಯ ಅಡಿಪಾಯ ಪೂರ್ತಿ ಪರಿವರ್ತಿತ ಜಾಗದ ಒಳಗೇ ಇದೆಯೇ ಎಂದು ಅಳತೆ ಮಾಡಿಸುವುದಿಲ್ಲ; ಆಮೇಲೆ ಕಟ್ಟಿದ ಅಡುಗೆಮನೆಯೋ ಕಾರ್ ಶೆಡ್ಡೋ ತೋಟದ ಜಾಗಕ್ಕೆ ಚಾಚಿರುತ್ತದೆ. ತೋಟ ಬೇರೆಯವರ ಪಾಲಾದ ಮೇಲೆ ಮನೆಗೆ ಹೋಗುವ ದಾರಿ ಯಾರದು ಎಂದು ಕ್ರಯಪತ್ರದಲ್ಲಿ ಬರೆಸುವುದಿಲ್ಲ. ಇನ್ನು ಮೌಲ್ಯ. ಬ್ಯಾಂಕ್ ಲೆಕ್ಕ ಹಿಡಿಯುವುದು ಮನೆ ಮತ್ತು ಪರಿವರ್ತಿತ ಜಾಗದ ಬೆಲೆಯನ್ನಷ್ಟೇ. ರಿಸರ್ವ್ ಬ್ಯಾಂಕಿನ ಮಿತಿಯಂತೆ 30 ಲಕ್ಷದವರೆಗಿನ ಸಾಲವಾದರೆ ಆ ಬೆಲೆಯ ಶೇ 90, 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75, ಇದು ಗರಿಷ್ಠ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚನ್ನು ಸಾಮಾನ್ಯವಾಗಿ ಬೆಲೆಗೆ ಸೇರಿಸುವಂತಿಲ್ಲ. ಒಂದು ಕೋಟಿ ಸಾಲ ಸಿಗುತ್ತದೆಂದು ಹೊರಟವರಿಗೆ ಅರ್ಧವೂ ಸಿಗದಿರುವುದು ಹೀಗೆ.

ಜಮ್ಮಾ ಜಾಗವಾದರೆ (ಕೊಡಗಿನಲ್ಲಿ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು) ಇನ್ನೂ ಎಚ್ಚರಿಕೆಯಿಂದ ಪರಿಶೀಲಿಸಬೇಕು. ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಪರವಾಗಿ ಹೆಸರು ದಾಖಲಾದ ಹಿರಿಯರು) ಜೊತೆ ಒಕ್ಕದ, ಅಂದರೆ ಕೂಡು ಕುಟುಂಬದ, ಹಲವರ ಹೆಸರಿದ್ದು ಪಾಲು ಆಗಿಲ್ಲದಿದ್ದರೆ, ಮನೆಯಲ್ಲಿ ಒಬ್ಬರೇ ನಲವತ್ತು ವರ್ಷದಿಂದ ಇದ್ದರೂ ಬ್ಯಾಂಕ್ ಅವರೊಬ್ಬರ ಸಹಿಯನ್ನು ಒಪ್ಪುವುದಿಲ್ಲ.

ಇನ್ನೊಂದು ವಿಷಯ ಹಿರಿಯರಿಗೆ ತಿಳಿಸಿಡಿ. ಒಸಿಐ ಆಗಿರುವ ಮಗನಿಗೋ ಮಗಳಿಗೋ ತಂದೆ ತೋಟವನ್ನು ದಾನಪತ್ರದ ಮೂಲಕ ಬರೆದುಕೊಡುವಂತಿಲ್ಲ. ವಿಲ್ ಮೂಲಕವೋ ವಾರಸಿಕೆಯಿಂದಲೋ ಬಂದರೆ ಇಟ್ಟುಕೊಳ್ಳಬಹುದು. ಹಾಗೆ ಬಂದ ತೋಟವನ್ನು ಮಾರುವಾಗ ಭಾರತದಲ್ಲೇ ವಾಸವಿರುವವರಿಗೆ ಮಾತ್ರ ಮಾರಬೇಕು.

ಸಾಲಕ್ಕೆ ಬ್ಯಾಂಕ್ ಆದಾಯ ನೋಡುವಾಗಲೂ ವೀಸಾ ಲೆಕ್ಕಕ್ಕೆ ಬರುತ್ತದೆ. ಎಚ್-1ಬಿ (ಅಮೆರಿಕದ ಉದ್ಯೋಗ ವೀಸಾ) ಇದ್ದವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು ಸಾಮಾನ್ಯವಾಗಿ 60 ದಿನಗಳ ಗಡುವು. ಗಲ್ಫ್‌ನಲ್ಲಿ ವಾಸದ ಪರವಾನಗಿ ಬಹುತೇಕ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಆದ್ದರಿಂದ ವೀಸಾ ಮುಗಿಯುವ ತಾರೀಕು, ಉದ್ಯೋಗದ ಪತ್ರ, ಅಲ್ಲಿನ ಕ್ರೆಡಿಟ್ ವರದಿ ಕೇಳುತ್ತಾರೆ; ಊರಲ್ಲಿರುವ ಒಬ್ಬರನ್ನು ಸಹಸಾಲಗಾರರಾಗಿ ಸೇರಿಸಿ ಎನ್ನುವುದೂ ಉಂಟು. ವಿದೇಶಿ ಪೌರತ್ವ ಸಿಕ್ಕಿದೆ, ಒಸಿಐ ಇನ್ನೂ ಆಗಿಲ್ಲ ಎನ್ನುವವರು ಹಳೆಯ ಭಾರತೀಯ ಪಾಸ್‌ಪೋರ್ಟ್ ತೋರಿಸಿ ಅರ್ಜಿ ಹಾಕಬೇಡಿ. ಇನ್ನೊಂದು ದೇಶದ ಪೌರತ್ವ ಪಡೆದ ಕ್ಷಣಕ್ಕೇ ಭಾರತದ ಪೌರತ್ವ ಹೋಗಿರುತ್ತದೆ, ಅರ್ಜಿಯಲ್ಲಿ ಬರೆದದ್ದು ಸುಳ್ಳು ಹೇಳಿಕೆಯಾಗುತ್ತದೆ. ಕಂತು ಕಟ್ಟಬೇಕಾದದ್ದು ವಿದೇಶದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣದಿಂದ, ಇಲ್ಲವೇ ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ, ಎಫ್‌ಸಿಎನ್‌ಆರ್, ಎನ್‌ಆರ್‌ಒ ಖಾತೆಯಿಂದ. ಹತ್ತಿರದ ಸಂಬಂಧಿಕರು ತಮ್ಮ ಖಾತೆಯಿಂದ ಕಟ್ಟಬಹುದು. ಊರಿಗೆ ಬಂದಾಗ ತಂದ ಡಾಲರ್ ನೋಟು ಕೊಟ್ಟು ಜಾಗದ ಹಣ ತೀರಿಸುವಂತಿಲ್ಲ.

ಅಧಿಕಾರ ಪತ್ರ ಕಳಿಸುವವರು ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮರೆತು ಕಪಾಟಿನಲ್ಲಿಟ್ಟರೆ ನೋಂದಣಿಯ ದಿನ ಪರದಾಟ. ಮಾರುವವರು ಅನಿವಾಸಿಯಾಗಿದ್ದರೆ ಸಾಮಾನ್ಯ ಶೇ 1ರ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಸಾಲದು, ಹೆಚ್ಚಿನ ದರದಲ್ಲಿ ಕಡಿತ ಮಾಡುವ ಹೊಣೆ ಕೊಳ್ಳುವವರದ್ದು. ಇದನ್ನು ಲೆಕ್ಕಪರಿಶೋಧಕರಿಂದ ಮೊದಲೇ ಬರೆಸಿಕೊಳ್ಳಿ.

ಸಿದ್ದಾಪುರದ ಆ ಕರಾರಿನಲ್ಲಿ ‘ಕೊಳ್ಳುವವರು ಹಿಂದೆ ಸರಿದರೆ 10 ಲಕ್ಷ ಮುಟ್ಟುಗೋಲು’ ಎಂದಿತ್ತು, ಸಾಲ ಸಿಗದಿದ್ದರೆ ಏನು ಎಂಬುದೇ ಇರಲಿಲ್ಲ. ಮುಂಗಡಕ್ಕೆ ಮೊದಲು ಪಹಣಿ, ಪರಿವರ್ತನೆ ಆದೇಶ, ಋಣಭಾರ ಪತ್ರ ಮೂರನ್ನೂ ಬ್ಯಾಂಕಿನ ವಕೀಲರಿಗೇ ತೋರಿಸಿ. ಅವಸರವಿದ್ದರೆ ಸಣ್ಣ ಮೊತ್ತದ ಮುಂಗಡ ಕೊಟ್ಟು ಕರಾರಿಗೆ ಈ ಸಾಲು ಸೇರಿಸಿ: ‘ಕೊಳ್ಳುವವರ ಅನಿವಾಸಿ ಅಥವಾ ಒಸಿಐ ಸ್ಥಿತಿಯ ಕಾರಣಕ್ಕಾಗಲಿ, ಜಾಗದ ಸ್ವರೂಪದ ಕಾರಣಕ್ಕಾಗಲಿ ಬ್ಯಾಂಕ್ ಸಾಲ ನಿರಾಕರಿಸಿದಲ್ಲಿ, ನಿರಾಕರಣೆ ಪತ್ರ ತೋರಿಸಿದ 15 ದಿನಗಳೊಳಗೆ ಮುಂಗಡದ ಪೂರ್ಣ ಮೊತ್ತವನ್ನು ಹಣ ಬಂದ ಖಾತೆಗೇ ಹಿಂದಿರುಗಿಸತಕ್ಕದ್ದು.’ ಈ ಸಾಲಿಗೆ ಒಪ್ಪದವರ ಜಾಗ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.