ಬಿಸಿಎಂ ಕೈಕೊಟ್ಟಾಗ: ರಿಪೇರಿ, ಗುಜರಿ, ಹೊಸದು – ಮೂರನ್ನೂ ಹಾಕಿಸಿ ನೋಡಿದ ಮೇಲೆ

ಇಂಡಿಕೇಟರ್ ತನ್ನಷ್ಟಕ್ಕೇ ಮಿನುಗುವುದು, ಸ್ವಿಚ್ ಆಫ್ ಮಾಡಿದರೂ ವೈಪರ್ ಓಡುತ್ತಲೇ ಇರುವುದು, ನಿಂತ ಗಾಡಿಯ ನಾಲ್ಕೂ ಬಾಗಿಲು ಟಕ್ಕೆಂದು ಲಾಕ್ ಆಗಿ ಮತ್ತೆ ತೆರೆದುಕೊಳ್ಳುವುದು, ಕೀ ತಿರುಗಿಸಿದರೆ ಮೀಟರಿನಲ್ಲಿ ಕೀಯ ಚಿತ್ರ ಮಿನುಗಿ ಎಂಜಿನ್ ಸ್ಟಾರ್ಟ್ ಆಗದೇ ಇರುವುದು. ಇವೆಲ್ಲ ಒಂದರ ಬೆನ್ನಿಗೆ ಒಂದು ಶುರುವಾದರೆ ಸಂಶಯ ಬಾಡಿ ಕಂಟ್ರೋಲ್ ಮಾಡ್ಯೂಲ್ ಮೇಲೆ ಹೋಗುತ್ತದೆ. ಲೈಟ್, ವೈಪರ್, ಲಾಕ್ ಎಲ್ಲವನ್ನೂ ನಡೆಸುವ ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಅದು. ಗ್ಯಾರೇಜಿನಲ್ಲಿ ಅದಕ್ಕೆ ಬಿಸಿಎಂ, ಇಲ್ಲವೇ ಬರೀ ಬಾಕ್ಸ್. ನನ್ನ ಡೀಸೆಲ್ ಎಸ್‌ಯುವಿಯಲ್ಲಿ ಮೊದಲು ಬೋರ್ಡ್ ರಿಪೇರಿ ಮಾಡಿಸಿದೆ, ಮುಂದೆ ಹೊಸ ಬಾಕ್ಸನ್ನೇ ಹಾಕಿಸಿದೆ. ಬದಿಯಡ್ಕದ ಭಾವನ ಹತ್ತಿರ ಇರುವುದೂ ಅದೇ ಮಾಡೆಲ್. ಅವರು ಗುಜರಿಯ ಬಾಕ್ಸ್ ತಂದು ಹಾಕಿಸುವಾಗ ಶುರುವಿನಿಂದ ಕೊನೆಯವರೆಗೆ ನಾನೂ ಜೊತೆಗಿದ್ದೆ. ಮೂರನ್ನೂ ಹತ್ತಿರದಿಂದ ನೋಡಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಈ ತೊಂದರೆ ಇನ್ನೂ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಕಾರಣ ನೀರು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಗಾಡಿ ನಿಲ್ಲಿಸುವುದು ಮಾವಿನದ್ದೋ ಹಲಸಿನದ್ದೋ ಬುಡದಲ್ಲಿ. ಎದುರಿನ ಗಾಜಿನ ಬುಡದಲ್ಲಿರುವ ಪ್ಲಾಸ್ಟಿಕ್ ಜಾಲರಿಯ ಅಡಿಯಲ್ಲಿ ತರಗೆಲೆ ಕೊಳೆತು, ನೀರು ಇಳಿದುಹೋಗುವ ತೂತು ಕಟ್ಟುತ್ತದೆ. ಆಮೇಲೆ ಆ ನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ದಾರಿ ಹುಡುಕುತ್ತದೆ. ಎಷ್ಟೋ ಗಾಡಿಗಳಲ್ಲಿ ಬಾಕ್ಸ್ ಕೂತಿರುವುದು ಸ್ಟೇರಿಂಗಿನ ಕೆಳಗೆ ಅಥವಾ ಕಾಲಿನ ಬದಿಯಲ್ಲಿ, ಸರಿಯಾಗಿ ಅದೇ ದಾರಿಯಲ್ಲಿ. ಸಮುದ್ರದ ಉಪ್ಪುಗಾಳಿ ಉಳಿದ ಕೆಲಸ ಮಾಡುತ್ತದೆ.

ಆದರೆ ಬಾಕ್ಸೇ ಹೋಗಿದೆ ಎಂದು ಮೊದಲು ಖಾತ್ರಿಯಾಗಬೇಕು. ಉಪ್ಪಳದ ಎಲೆಕ್ಟ್ರಿಷಿಯನ್ ಒಬ್ಬರು ನನಗೆ ಹೇಳಿದ್ದು ಇಷ್ಟೇ: “ಬಾಕ್ಸ್ ಬಿಚ್ಚುವುದು ಆಮೇಲೆ ಅಣ್ಣ, ಮೊದಲು ಅರ್ಥಿಂಗ್ ನೋಡುವ.” ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಹತ್ತಿರ ಇದೆಯಾ, ಬಾಡಿಗೆ ಬಿಗಿದ ಅರ್ಥ್ ವೈರಿನ ಬುಡ ತುಕ್ಕು ಹಿಡಿದಿದೆಯಾ, ಲೋಡ್ ಇರುವಾಗ ಅಲ್ಲಿ ವೋಲ್ಟೇಜ್ ಬೀಳುತ್ತದಾ ಎಂದು ನೋಡಬೇಕು. ಆಮೇಲೆ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಸಿಕ್ಕಿಸುವ ಪೋರ್ಟಿನ 6 ಮತ್ತು 14ನೇ ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಬಾಷ್ ಕಂಪನಿ 1986ರಲ್ಲಿ ಹೊರಗೆ ತಂದ ಕ್ಯಾನ್ ಎಂಬ ಎರಡು ತಂತಿಯ ವ್ಯವಸ್ಥೆಯ ಮೇಲೆಯೇ ಈ ಬಾಕ್ಸುಗಳೆಲ್ಲ ಒಂದಕ್ಕೊಂದು ಮಾತಾಡುವುದು. ಅದರ ಎರಡೂ ತುದಿಗೆ 120 ಓಮ್‌ನ ರೆಸಿಸ್ಟರ್ ಇರುತ್ತದೆ. ಹಾಗಾಗಿ ಆ ಎರಡು ಪಿನ್‌ಗಳ ನಡುವೆ 60 ಓಮ್ ತೋರಿಸಬೇಕು. 120 ತೋರಿಸಿದರೆ ಎಲ್ಲೋ ತಂತಿ ತುಂಡಾಗಿದೆ. ತೋಟದ ಮನೆಗಳಲ್ಲಿ ಅದು ಹೆಚ್ಚಾಗಿ ಇಲಿಯ ಕೆಲಸ, ಅದಕ್ಕೆ ಬಾಕ್ಸ್ ಬದಲಿಸಿ ಏನೂ ಸಿಗುವುದಿಲ್ಲ.

ಈಗ ರಿಪೇರಿಯ ವಿಷಯ. ನನ್ನ ಬಾಕ್ಸ್ ಬಿಚ್ಚಿದಾಗ ಮೇಲ್ನೋಟಕ್ಕೆ ಒಣಗಿಯೇ ಇತ್ತು. ತಂತಿಗಳನ್ನು ಬಾಕ್ಸಿಗೆ ಸಿಕ್ಕಿಸುವ ಕಪ್ಲರ್ ಎಳೆದಾಗ ಕೆಳಗಿನ ಸಾಲಿನ ಪಿನ್‌ಗಳ ಬುಡದಲ್ಲಿ ಹಸಿರು ಹಿಟ್ಟಿನ ಹಾಗೆ ಕಿಲುಬು ಕೂತಿತ್ತು. ಒಂದು ಪಿನ್ ತೆಳ್ಳಗಾಗಿ ಸೂಜಿಯಂತಾಗಿತ್ತು. ಬೋರ್ಡಿನ ಒಂದು ಮೂಲೆಯಲ್ಲಿ ಬಿಳಿ ಕಲೆ, ಅದರ ಪಕ್ಕದ ರಿಲೇಯ (ಕರೆಂಟಿನಿಂದ ಓಡುವ ಸ್ವಿಚ್) ಬೆಸುಗೆ ಸುತ್ತ ಕೂದಲೆಳೆಯಷ್ಟು ಬಿರುಕು. ಮಂಗಳೂರಿನಲ್ಲಿ ಬೋರ್ಡ್ ರಿಪೇರಿ ಮಾಡುವವರು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಹಾಕಿ ತಿಕ್ಕಿ ತೊಳೆದು, ಒಣಗಿಸಿ, ಪಿನ್ ಬದಲಿಸಿ, ರಿಲೇಯ ಬೆಸುಗೆ ಮತ್ತೆ ಹಾಕಿ, ಮೇಲೆ ನೀರು ತಾಗದಂಥ ಲೇಪ ಬಳಿದು ಕೊಟ್ಟರು. ಖರ್ಚು ಸುಮಾರು 4 ಸಾವಿರ. ದೊಡ್ಡ ಲಾಭವೆಂದರೆ ತಂದು ಸಿಕ್ಕಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಯಿತು. ಕೀ ಪ್ರೋಗ್ರಾಮಿಂಗ್ ಬೇಡ, ಶೋರೂಮ್ ಬೇಡ. ಬಾಕ್ಸ್ ಅದೇ, ಅದರ ನೆನಪೂ ಅದೇ. ಇಡೀ ಹೋಲಿಕೆಯಲ್ಲಿ ನಾನು ಎಲ್ಲಕ್ಕಿಂತ ತೂಕ ಕೊಡುವುದು ಈ ನೆನಪಿಗೇ.

ಬಿಸಿಎಂ ಒಳಗಿನ ಮೆಮೊರಿ ಚಿಪ್‌ನಲ್ಲಿ ಗಾಡಿಯ ಚಾಸಿಸ್ ನಂಬರ್, ಯಾವ ವೇರಿಯಂಟ್, ಹಿಂದಿನ ವೈಪರ್ ಇದೆಯೋ ಇಲ್ಲವೋ, ಆಟೋ ಹೆಡ್‌ಲೈಟ್ ಇದೆಯೋ ಇಲ್ಲವೋ ಎಂಬ ಮಾಹಿತಿ ಬರೆದಿರುತ್ತದೆ. ಅನೇಕ ಗಾಡಿಗಳಲ್ಲಿ ಕೀಯ ಗುರುತು, ಓಡಿದ ಕಿಲೋಮೀಟರಿನ ಒಂದು ಪ್ರತಿ ಕೂಡ ಅಲ್ಲೇ ಇರುತ್ತದೆ. ಎಂಜಿನ್ ನಡೆಸುವ ಇನ್ನೊಂದು ಬಾಕ್ಸಾದ ಇಸಿಎಂ ಮತ್ತು ಈ ಬಾಕ್ಸ್ ಒಂದರ ಗುರುತು ಒಂದು ಹಿಡಿದರೆ ಮಾತ್ರ ಡೀಸೆಲ್ ಹೋಗಲು ಬಿಡುತ್ತವೆ. ಬೇರೆ ಗಾಡಿಯ ಬಾಕ್ಸನ್ನು ನೇರವಾಗಿ ಸಿಕ್ಕಿಸಿದರೆ ಲೈಟ್ ಉರಿಯಬಹುದು, ಹಾರ್ನ್ ಕೂಗಬಹುದು, ಎಂಜಿನ್ ಮಾತ್ರ ಹಿಡಿಯುವುದಿಲ್ಲ, ಹಿಡಿದರೂ ಕ್ಷಣದಲ್ಲಿ ನಿಲ್ಲುತ್ತದೆ.

ಭಾವನ ಗಾಡಿಗೆ ಗುಜರಿ ಬಾಕ್ಸ್ ಹಾಕಿಸುವಾಗ ಎದುರಿದ್ದ ತೊಡಕೂ ಇದೇ. ಅವರ ಬಾಕ್ಸಿನಲ್ಲಿ ಹೆಡ್‌ಲೈಟಿಗೆ ಕರೆಂಟ್ ಕೊಡುವ ಚಿಪ್ಪೇ ಸುಟ್ಟು ಬೋರ್ಡು ಕಪ್ಪಾಗಿತ್ತು. ಹಿಂದಿನ ಮಾಲೀಕರು 55 ವ್ಯಾಟ್ ಬಲ್ಬಿನ ಜಾಗದಲ್ಲಿ 100 ವ್ಯಾಟಿನದ್ದು ಹಾಕಿದ್ದರು. 12 ವೋಲ್ಟಿಗೆ ಲೆಕ್ಕ ಹಾಕಿದರೆ ನಾಲ್ಕೂವರೆ ಆಂಪಿಯರ್ ಹೋಗಬೇಕಾದಲ್ಲಿ ಎಂಟಕ್ಕೂ ಮಿಕ್ಕಿ ಹೋಗುತ್ತಿತ್ತು. ರಿಪೇರಿಯವರು ಕೈಯಾಡಿಸಿದರು, ಭರವಸೆ ಕೊಡಲಿಲ್ಲ. ಹಾಗಾಗಿ ಗುಜರಿ. ಬೆಂಗಳೂರಿನ ಶಿವಾಜಿನಗರದಿಂದ ಬಾಕ್ಸ್ ತರಿಸಿದರು. ಫೋನಿನಲ್ಲಿ ಮಾಡೆಲ್ ಹೆಸರು ಹೇಳಿದ್ದಲ್ಲ, ಹಳೆ ಬಾಕ್ಸಿನ ಸ್ಟಿಕ್ಕರಿನ ಫೋಟೋ ಕಳಿಸಿ, ಪಾರ್ಟ್ ನಂಬರಿನ ಕೊನೆಯ ಅಕ್ಷರದವರೆಗೂ ಹೊಂದಿಸಿ ತರಿಸಿದ್ದು. ಒಂದು ಅಕ್ಷರ ಬದಲಾದರೆ ಒಳಗಿನ ಸಾಫ್ಟ್‌ವೇರ್ ಬೇರೆ ಇರಬಹುದು, ಕಪ್ಲರ್ ಮಾತ್ರ ಅಚ್ಚುಕಟ್ಟಾಗಿ ಕೂರುತ್ತದೆ.

ಕ್ಲೋನಿಂಗ್ ಎನ್ನುವುದು ಮುಂದಿನ ಹಂತ. ಸತ್ತ ಬಾಕ್ಸಿನ ಎಂಟು ಕಾಲಿನ ಚಿಪ್ಪಿಗೆ ಕ್ಲಿಪ್ ಕಚ್ಚಿಸಿ ಅದರಲ್ಲಿದ್ದದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ಒಂದು ಸಲ ಅಲ್ಲ, ಮತ್ತೆ ಮತ್ತೆ ಓದಿಸಿ ಎಲ್ಲ ಪ್ರತಿಗಳೂ ಒಂದೇ ರೀತಿ ಇವೆಯೆಂದು ಹೋಲಿಸಿದ ಮೇಲಷ್ಟೇ ಗುಜರಿ ಬಾಕ್ಸಿಗೆ ಬರೆದರು. ಕೆಲವು ಗಾಡಿಗಳಲ್ಲಿ ಈ ಮಾಹಿತಿ ಬೇರೆ ಚಿಪ್ಪಿನಲ್ಲಿರದೆ ಮುಖ್ಯ ಪ್ರೊಸೆಸರ್ ಒಳಗೇ ಇರುತ್ತದೆ. ಆಗ ಕೆಲಸ ಕಷ್ಟ, ಎಲ್ಲರಿಗೂ ಆಗುವುದಿಲ್ಲ. ಭಾವನದ್ದು ಸಲೀಸಾಯಿತು. ಹಳೆಯ ಎರಡೂ ಕೀ ಕೆಲಸ ಮಾಡಿದವು, ಕಿಲೋಮೀಟರ್ ಇದ್ದಷ್ಟೇ ಉಳಿಯಿತು. ಬಾಕ್ಸ್, ಕ್ಲೋನಿಂಗ್ ಎಲ್ಲ ಸೇರಿ 10 ಸಾವಿರದ ಒಳಗೆ ಮುಗಿಯಿತು. ಇದೇ ಹೊತ್ತಿಗೆ “ಕಿಲೋಮೀಟರ್ ಸ್ವಲ್ಪ ಇಳಿಸಿ ಕೊಡಲಾ” ಎಂದು ಕೇಳುವವರು ಇರುತ್ತಾರೆ. ಅಂಥವರ ಕೈಗೆ ಬಾಕ್ಸ್ ಕೊಡಲೇಬೇಡಿ. ಅದು ಮುಂದೆ ಗಾಡಿ ಕೊಳ್ಳುವವನಿಗೆ ಮಾಡುವ ಮೋಸ. ಗುಜರಿಯವರಿಂದ ಬಿಲ್ ಕೇಳಿ ಪಡೆಯುವುದೂ ಅಷ್ಟೇ ಮುಖ್ಯ, ಕದ್ದ ಗಾಡಿಯ ಸಾಮಾನು ನಮ್ಮ ಗಾಡಿಗೆ ಬೇಡ.

ಹೊಸ ಬಾಕ್ಸಿನ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅಲ್ಲಿ ನಮ್ಮ ಕೈಯಲ್ಲಿ ಇರುವುದೂ ಕಡಿಮೆ. ರಿಪೇರಿಯಾದ ನನ್ನ ಬಾಕ್ಸ್ ಒಂದು ಮಳೆಗಾಲ ಚೆನ್ನಾಗಿ ದಾಟಿತು. ಮುಂದಿನ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಡ್ರೈವರ್ ಬದಿಯ ಪವರ್ ವಿಂಡೋ ನಿಂತಿತು. ಬೋರ್ಡಿನ ಪದರಗಳ ಒಳಗೇ ಕಿಲುಬು ಇಳಿದಿತ್ತು, ಅದನ್ನು ಹೊರಗಿನಿಂದ ತೊಳೆಯಲು ಬರುವುದಿಲ್ಲ. ತಲಪಾಡಿ ಟೋಲ್ ದಾಟಿ ಮಂಗಳೂರಿನ ಶೋರೂಮಿಗೆ ಹೋದೆ. ಆರ್ಡರ್ ಕೊಟ್ಟು ಕಾಯಬೇಕಾಯಿತು, ಮುಂಗಡವನ್ನೂ ಕಟ್ಟಿಸಿಕೊಂಡರು. ಹೊಸ ಬಾಕ್ಸ್ ಖಾಲಿ ಪಾಟಿಯಂತೆ ಬರುತ್ತದೆ. ಬ್ಯಾಟರಿಗೆ ಚಾರ್ಜರ್ ಜೋಡಿಸಿಟ್ಟು, ಕಂಪನಿಯ ಸರ್ವರಿಗೆ ಲ್ಯಾಪ್‌ಟಾಪ್ ಸೇರಿಸಿ, ಚಾಸಿಸ್ ನಂಬರ್ ಕೊಟ್ಟು ಅದರ ಮೇಲೆ ಬರೆಯುತ್ತಾರೆ. ನಡುವೆ ವೋಲ್ಟೇಜ್ ಬಿದ್ದರೆ ಹೊಸ ಬಾಕ್ಸೇ ಕೆಡಬಹುದು, ಅದಕ್ಕೇ ಆ ಚಾರ್ಜರ್. ಇರುವ ಎಲ್ಲ ಕೀಗಳನ್ನೂ ಒಯ್ಯಬೇಕು. ಮನೆಯಲ್ಲಿ ಬಿಟ್ಟುಹೋದ ಕೀ ಆಮೇಲೆ ಬಾಗಿಲು ತೆರೆಯಲಷ್ಟೇ ಆಗುತ್ತದೆ. ನನ್ನ ಬಿಲ್ 25 ಸಾವಿರ ಮುಟ್ಟಿತು. ಬಾಕ್ಸಿಗೆ ವಾರಂಟಿ ಸಿಕ್ಕಿತು, ಎಲ್ಲವೂ ಸರಿಯಾಗಿದೆ.

ನಾಲ್ಕನೆಯದೊಂದು ಇದೆ, ಬೈಪಾಸ್. ಪೆರ್ಲದ ಕಡೆ ಅಡಿಕೆ ಸಾಗಿಸುವ ಪರಿಚಿತರ ಪಿಕಪ್ಪಿನಲ್ಲಿ ನೋಡಿದ್ದೇನೆ. ಬಾಕ್ಸನ್ನು ಬಿಟ್ಟು ಬ್ಯಾಟರಿಯಿಂದ ನೇರ ತಂತಿ ಎಳೆದು, ಡ್ಯಾಶ್‌ಬೋರ್ಡಿಗೆ ತೂತು ಕೊರೆದು ವೈಪರಿಗೊಂದು, ಹೆಡ್‌ಲೈಟಿಗೊಂದು ಸ್ವಿಚ್. ರಾತ್ರಿ ಮಳೆಯಲ್ಲಿ ಕುಂಬಳೆಯಿಂದ ಮುಳ್ಳೇರಿಯಕ್ಕೆ ಮುಟ್ಟಬೇಕಾದರೆ ಸೈ. ಖಾಯಂ ಆಗಿ ಬೇಡ ಮಾರಾಯ್ರೇ. ಫ್ಯೂಸ್ ಇಲ್ಲದ ತಂತಿ ತಗಡಿಗೆ ಉಜ್ಜಿ ಸುಲಿದರೆ ಗಾಡಿಗೆ ಬೆಂಕಿಯೇ.

ಮೂರರಲ್ಲಿ ಯಾವುದು ಎಂದರೆ, ಕಿಲುಬು ಪಿನ್ ಮತ್ತು ಬೆಸುಗೆಯಲ್ಲೇ ಇದ್ದರೆ ಇಂದಿಗೂ ನಾನು ಮೊದಲು ರಿಪೇರಿಗೇ ಕೊಡುತ್ತೇನೆ. ಬೋರ್ಡ್ ಸುಟ್ಟಿದ್ದು, ಹಳೆಯ ಚಿಪ್ ಓದಲು ಬಂದರೆ ಭಾವನ ದಾರಿ ಹಿಡಿಯುತ್ತೇನೆ. ಐದಾರು ವರ್ಷ ದಾಟಿದ ಗಾಡಿಗೆ 25 ಸಾವಿರ ಸುರಿಯುವುದಕ್ಕಿಂತ ಅದು ಮೇಲು. ವಾರಂಟಿ ಮುಗಿಯದ ಗಾಡಿ, ಬಟನ್ ಸ್ಟಾರ್ಟ್ ಇರುವ ಗಾಡಿ, ಚಿಪ್ಪೇ ಓದಲು ಬಾರದ ಬಾಕ್ಸ್ ಆದರೆ ಹೊಸದು, ಚೌಕಾಸಿಯಿಲ್ಲದೆ. ಯಾವ ದಾರಿ ಹಿಡಿದರೂ ಹಳೆಯ ಬಾಕ್ಸನ್ನು ವಾಪಸ್ ಕೇಳಿ ತಂದು ಮನೆಯಲ್ಲಿಡಿ. ಸಾಧ್ಯವಾದರೆ ಅದರಲ್ಲಿರುವುದನ್ನು ಮೊದಲೇ ಓದಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಹೊಸ ಬಾಕ್ಸ್ ಮುಂದೆ ಕೆಟ್ಟಾಗ, ಕೀ ಕಳೆದಾಗ ಆ ಫೈಲ್ ಉಪಯೋಗಕ್ಕೆ ಬರಬಹುದು.

ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ನೋಡಬೇಕಾದದ್ದೂ ಇದೆ. ಎಲ್ಲ ಕೀಗಳಿಂದಲೂ ಸ್ಟಾರ್ಟ್ ಮಾಡಿಸಿ, ನಾಲ್ಕೂ ಕಿಟಕಿ, ಹಿಂದಿನ ವೈಪರ್, ರಿವರ್ಸ್ ಲೈಟ್ ನೋಡಿ, ಕಿಲೋಮೀಟರ್ ಹೊಂದಿಸಿ. ಕೊನೆಗೆ ಎಲ್ಲ ಆಫ್ ಮಾಡಿ, ಲಾಕ್ ಹಾಕಿ ಅರ್ಧ ಗಂಟೆ ಬಿಟ್ಟು, ಬ್ಯಾಟರಿಯಿಂದ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅಳೆಯಿಸಿ. 50 ಮಿಲಿಆಂಪಿಯರ್ ಒಳಗಿದ್ದರೆ ಸರಿ. ಬಾಕ್ಸ್ ನಿದ್ದೆಗೆ ಹೋಗದೆ ಅರ್ಧ ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 12 ಆಂಪಿಯರ್-ಗಂಟೆ ಖಾಲಿ. ಮದುವೆಗೆಂದು ಊರಿಗೆ ಹೋಗಿ ಬರುವುದರೊಳಗೆ ಬ್ಯಾಟರಿ ಮಲಗಿರುತ್ತದೆ. ಮತ್ತೆ, ಗಾಜಿನ ಬುಡದ ಜಾಲರಿ ತೆಗೆದು ಆ ತೂತನ್ನು ಮೇ ತಿಂಗಳಲ್ಲೇ ತೆರವು ಮಾಡಿಸಿ. ಒಂದು ಚೊಂಬು ನೀರು ಹೊಯ್ದರೆ ಅದು ಮುಂದಿನ ಚಕ್ರದ ಹಿಂದೆ ನೆಲಕ್ಕೆ ಬೀಳಬೇಕು, ಕಾರ್ಪೆಟ್ಟಿಗಲ್ಲ.